ತಪ್ಪೊಪ್ಪಿಗೆ ಕೇಳದೆ ನಡೆಸಿದ ಗುಂಪು

‘ತಪ್ಪನ್ನೇ ಒಪ್ಪದವನಿಗೆ ಎಂಥ ಸುಧಾರಣೆ?’ ಎಂದು ಜೈಲಿನ ಅಧಿಕಾರಿಗಳೂ ಸಹೋದ್ಯೋಗಿಗಳೂ ಕೇಳುತ್ತಲೇ ಇದ್ದರು. ಈಗ ಕೇಳುವುದನ್ನು ಬಿಟ್ಟಿದ್ದಾರೆ. ಉತ್ತರ ಕರ್ನಾಟಕದ ಕಾರಾಗೃಹವೊಂದರಲ್ಲಿ ಪೋಕ್ಸೊ, ಅತ್ಯಾಚಾರ ಪ್ರಕರಣಗಳ ಸಜಾಬಂದಿಗಳಿಗೆ ನಾನು ನಡೆಸುವ ಸುಧಾರಣಾ ಗುಂಪಿನಲ್ಲಿ ನಡುವೆ ಬಿಟ್ಟುಹೋಗುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ.

ಮೊದಲು ಹೀಗಿರಲಿಲ್ಲ. ದಾನಿಗಳು ಕೊಟ್ಟ ವಿದೇಶಿ ಕೈಪಿಡಿಯ ಅನುವಾದ, ಮುದ್ರಣಕ್ಕೇ ಮೂವತ್ತು ಸಾವಿರದಷ್ಟು ಹೋಗಿತ್ತು. ಮೊದಲ ಪಾಠವೇ ‘ನಿಮ್ಮ ಕೃತ್ಯವನ್ನು ವಿವರವಾಗಿ ಬರೆಯಿರಿ’. ಅರ್ಧದಷ್ಟು ಜನರಿಗೆ ಬರೆಯಲು ಬಾರದು. ಬರೆಯಬಲ್ಲವರ ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠದಲ್ಲೋ ಕಲಬುರಗಿ ಪೀಠದಲ್ಲೋ ಬಾಕಿ. ಬರೆದುಕೊಟ್ಟದ್ದೇ ಮುಳುವಾದೀತೆಂಬ ಅವರ ಭಯ ಸುಳ್ಳಲ್ಲ. ಇಪ್ಪತ್ತು ಜನರ ಗುಂಪು ಆರೇಳಕ್ಕೆ ಇಳಿಯಿತು, ಹಣವೂ ನಿಂತಿತು.

ಆಮೇಲೆ ಕೃತ್ಯದ ಮಾತನ್ನೇ ಕೈಬಿಟ್ಟೆ. ಸಂಶೋಧಕರಾದ ಹ್ಯಾನ್ಸನ್ ಮತ್ತು ಬುಸಿಯೆರ್ 1998ರಲ್ಲಿ 61 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ನಿರಾಕರಣೆಗೂ ಮರು ಅಪರಾಧಕ್ಕೂ ಹೇಳಿಕೊಳ್ಳುವಂಥ ನಂಟು ಕಂಡಿರಲಿಲ್ಲ. ಕೃತ್ಯದ ವಿವರ ಹೇಳಿಸುತ್ತಿದ್ದ, ಇಂಗ್ಲೆಂಡ್ ಮತ್ತು ವೇಲ್ಸ್ ಜೈಲುಗಳ ಕಾರ್ಯಕ್ರಮದ 2017ರ ಮೌಲ್ಯಮಾಪನದಲ್ಲಂತೂ ತರಬೇತಿ ಪಡೆದವರಲ್ಲಿ ಶೇ 10, ಪಡೆಯದವರಲ್ಲಿ ಶೇ 8 ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು.

ನಾನು ಕೇಳುವುದು ಮುಂದಿನದನ್ನು: ಹೊರಗೆ ಯಾರ ಮನೆಯಲ್ಲಿ ಇರುತ್ತೀರಿ? ಅಲ್ಲಿ ಮಕ್ಕಳಿದ್ದಾರೆಯೆ? ಕುಡಿತ? ಮೊಬೈಲಿನಲ್ಲಿ ನೋಡುವುದೇನು? ಹದಿನೇಳರ ಹುಡುಗಿಯೊಂದಿಗೆ ಓಡಿಹೋಗಿ ಸಿಕ್ಕಿಬಿದ್ದ ಹುಡುಗನನ್ನು, ಚಿಕ್ಕ ಮಕ್ಕಳನ್ನು ಹುಡುಕಿಕೊಂಡು ಹೋದವನ ಪಕ್ಕ ಕೂರಿಸುವುದಿಲ್ಲ. ಮೊದಲನೆಯವನಿಗೆ ನಾಲ್ಕಾರು ಭೇಟಿ, ಕಸುಬಿನ ತರಬೇತಿ ಸಾಕು. ಎರಡನೆಯವನಿಗೆ ವಾರಕ್ಕೆರಡು ಬಾರಿಯಂತೆ ಹೆಚ್ಚುಕಡಿಮೆ ವರ್ಷವಿಡೀ ಬೇಕು. ಇವರನ್ನು ವಿಂಗಡಿಸಲು ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಾದರೆ ಸಂಜೆಯೊಳಗೆ ಬ್ಯಾರಕ್ಕಿನಲ್ಲಿ ಉತ್ತರಗಳು ಸಿದ್ಧವಾಗುತ್ತವೆ.

ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿದ್ದನ್ನು ನೆನೆದು ನಾಟಕವನ್ನೂ ಪ್ರಯೋಗಿಸಿದೆ. ಸಂತ್ರಸ್ತೆಯ ಪಾತ್ರ ಕೊಟ್ಟರೆ ಚೆನ್ನಾಗಿ ಅತ್ತರು, ಚಪ್ಪಾಳೆ ಗಿಟ್ಟಿಸಿದರು, ಮರುದಿನ ಎಲ್ಲ ಮೊದಲಿನಂತೆಯೇ. ಅದನ್ನು ನಿಲ್ಲಿಸಿ, ಪೆರೋಲ್ ಮೇಲೆ ಮನೆಗೆ ಹೋದ ಮೊದಲ ರಾತ್ರಿಯನ್ನು ಆಡಿಸಿದೆ. ಅದು ಫಲ ಕೊಟ್ಟಿತು. ಪೆರೋಲ್ ಅರ್ಜಿಯಲ್ಲಿ ಅಕ್ಕನ ಮನೆಯ ವಿಳಾಸ ಕೊಟ್ಟಿದ್ದ ಒಬ್ಬ, ಅಲ್ಲಿ ಹೆಣ್ಣುಮಕ್ಕಳಿದ್ದಾರೆಂದು ತಾನಾಗಿಯೇ ಚಿಕ್ಕಪ್ಪನ ವಿಳಾಸಕ್ಕೆ ಬದಲಿಸಿಕೊಂಡ. ಕೃತ್ಯವನ್ನು ಅವನು ಈಗಲೂ ಒಪ್ಪಿಲ್ಲ. ಇನ್ನೊಂದು ಮಗು ಅವನ ಕೈಗೆ ಸಿಗಬಾರದು, ನನಗೆ ಬೇಕಾದದ್ದು ಅದು.

ಈಗ ತಿಂಗಳಿಗೆ ನಾಲ್ಕೈದು ಸಾವಿರ ಖರ್ಚು: ಬಸ್ಸು, ಚಹಾ, ಹಾಳೆ. ಬಿಡುಗಡೆಯಾದವರನ್ನು ಆಗಾಗ ಹೋಗಿ ಕಾಣುವ ಖರ್ಚು ಮಾತ್ರ ಯಾವ ನಿಧಿಯಲ್ಲೂ ಇಲ್ಲ. ಅದನ್ನು ನನ್ನ ಸಂಬಳದಲ್ಲೇ ತೆಗೆದಿರಿಸುತ್ತೇನೆ.