ತೊಗರಿ ಬೇಳೆಗೆ ಮೂಲ ಪ್ರಮಾಣಪತ್ರ: ಎಡವುವುದು ಎಲ್ಲಿ?

ಕಲಬುರಗಿಯಿಂದ ಬೇಳೆ ರಫ್ತಿಗೆ ಹೊರಟ ಹಲವರು ಜಿಐ (ಭೌಗೋಳಿಕ ಸೂಚಕ) ಪ್ರಮಾಣಪತ್ರದ ಪ್ರತಿಯನ್ನು ಕಡತಕ್ಕೆ ಸೇರಿಸಿ ನಿಶ್ಚಿಂತರಾಗುತ್ತಾರೆ. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಸಿಕ್ಕ ಆ ಮಾನ್ಯತೆ ಹೆಸರನ್ನು ಕಾಯುತ್ತದೆಯೇ ಹೊರತು ವಿದೇಶದ ಬಂದರಿನಲ್ಲಿ ಸುಂಕ ಇಳಿಸುವುದಿಲ್ಲ. ಅದಕ್ಕೆ ಮುಕ್ತ ವ್ಯಾಪಾರ ಒಪ್ಪಂದದಡಿ ಕೊಡುವ ಮೂಲ ಪ್ರಮಾಣಪತ್ರವೇ, ಅಂದರೆ ಸರಕು ಯಾವ ದೇಶದ್ದು ಎಂದು ದೃಢೀಕರಿಸುವ ಪತ್ರವೇ ಬೇಕು. ಮೂಲ ದೇಶವನ್ನಷ್ಟೇ ಹೇಳುವ, ಸುಂಕದ ರಿಯಾಯಿತಿ ಕೊಡಿಸದ ‘ರಿಯಾಯಿತಿರಹಿತ’ ವರ್ಗದ ಪ್ರಮಾಣಪತ್ರವೂ ಇಲ್ಲಿ ನಡೆಯದು.

ಮೊದಲು, ಕೊಳ್ಳುವ ದೇಶದ ಸಾಮಾನ್ಯ ಸುಂಕ ನೋಡಿ. ಅದು ಶೂನ್ಯವಾಗಿದ್ದರೆ ರಿಯಾಯಿತಿಗಾಗಿ ಓಡಾಡಬೇಕಿಲ್ಲ.

ಎರಡನೆಯದು, ಎಚ್‌ಎಸ್ ಸಂಖ್ಯೆ. ಸುಂಕಕ್ಕಾಗಿ ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ ಇದು; ತೊಗರಿಗೆ 071360. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಪ್ರಮಾಣಪತ್ರ ಮೂರರಲ್ಲೂ ಅದೇ ಇರಲಿ.

ಮೂರನೆಯದು ಮೂಲದ ನಿರ್ಣಯ. ಜನ ಎಡವುವುದು ಇಲ್ಲೇ. ‘ನಮ್ಮ ಮಿಲ್ಲಿನಲ್ಲಿ ಒಡೆದ ಬೇಳೆ, ಆದ್ದರಿಂದ ಭಾರತದ್ದೇ’ ಎಂಬ ವಾದ ನಿಲ್ಲುವುದಿಲ್ಲ. ಸಿಪ್ಪೆ ತೆಗೆದರೂ ಒಡೆದರೂ ತೊಗರಿ 0713 ಎಂಬ ಶೀರ್ಷಿಕೆಯಲ್ಲೇ (ಆ ಸಂಖ್ಯೆಯ ಮೊದಲ ನಾಲ್ಕು ಅಂಕಿ) ಉಳಿಯುತ್ತದೆ. ಹೀಗಾಗಿ ಮೊಜಾಂಬಿಕ್ ಅಥವಾ ಮ್ಯಾನ್ಮಾರ್‌ನ ತೊಗರಿ ಕಲಬುರಗಿಯಲ್ಲಿ ಬೇಳೆಯಾದ ಮಾತ್ರಕ್ಕೆ, ಶೀರ್ಷಿಕೆ ಬದಲಾಗಬೇಕೆಂಬ ನಿಯಮದಲ್ಲಿ ತೇರ್ಗಡೆಯಾಗದು. ಇಲ್ಲೇ ಬೆಳೆದ ತೊಗರಿಯಾದರೆ ‘ಪೂರ್ಣವಾಗಿ ದೇಶದಲ್ಲೇ ಪಡೆದದ್ದು’ ಎಂಬ ಆಧಾರ ಸಾಕು, ಆದರೆ ಅದನ್ನು ಕಾಗದದಲ್ಲಿ ತೋರಿಸಬೇಕು. ಜಿಲ್ಲೆಯ ಹೊಸ ಬೆಳೆ ಮಾರುಕಟ್ಟೆಗೆ ಬರುವ ಮುನ್ನ, ಆಫ್ರಿಕಾದ ಮಾಲು ಮಿಲ್ಲುಗಳಿಗೆ ಬರುವ ತಿಂಗಳುಗಳಲ್ಲಿ ಇಲ್ಲಿಯದು, ಅಲ್ಲಿಯದು ಎರಡೂ ಕಾಳು ಸುರಿಯುವ ಒಂದೇ ಹಾಪರ್‌ಗೆ ಬೀಳುತ್ತವೆ. ಹಾಗೆ ಬೆರೆತ ಬೇಳೆಗೆ ಈ ಆಧಾರ ಸಿಗುವುದಿಲ್ಲ. ರಫ್ತಿನ ಮಾಲನ್ನು ಬೇರೆ ಗೋದಾಮಿನಲ್ಲಿಡಿ, ಬೇರೆ ದಿನ ಒಡೆಯಿರಿ. ನೆಹರೂ ಗಂಜ್‌ನ ಅಡತ್ ಅಂಗಡಿಯ ಪಟ್ಟಿ, ಎಪಿಎಂಸಿ ರಸೀದಿ, ಲಾರಿ ತೂಕದ ಚೀಟಿಗಳಿಗೆ ಒಂದೇ ಲಾಟ್ ಸಂಖ್ಯೆ ಬರೆಯಿರಿ. ಹಾಪರ್‌ಗೆ ಹೋದ ತೊಗರಿ ಎಷ್ಟು ಕ್ವಿಂಟಲ್, ಹೊರಬಂದ ಬೇಳೆ, ಚುನ್ನಿ (ನುಚ್ಚು-ಪುಡಿ), ಹೊಟ್ಟು ಎಷ್ಟು ಎಂಬುದು ಅದೇ ಸಂಜೆ ರಿಜಿಸ್ಟರ್ ಸೇರಬೇಕು. ತಿಂಗಳ ಕೊನೆಗೆ ಒಟ್ಟಿಗೆ ಬರೆದ ಲೆಕ್ಕ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಯಾವುದೋ ಏಜೆಂಟ್ ಕೊಡುವ, ಮೂಲ ತೋರಿಸಲೆಂದು ಮಾಡಿದ ಸಿದ್ಧ ‘ವೆಚ್ಚ ಪಟ್ಟಿ’ಯನ್ನು ದುಡ್ಡು ಕೊಟ್ಟು ಕೊಳ್ಳಲೇಬೇಡಿ. ಅದರಲ್ಲಿ ನಿಮ್ಮ ಮಿಲ್ಲಿನ ಒಂದು ಅಂಕಿಯೂ ಇರುವುದಿಲ್ಲ, ಸಹಿ ಮಾತ್ರ ನಿಮ್ಮದಾಗಿರುತ್ತದೆ.

ನಾಲ್ಕನೆಯದಾಗಿ, ಐಇಸಿ (ಆಮದು-ರಫ್ತು ಸಂಕೇತ ಸಂಖ್ಯೆ) ಮತ್ತು ಡಿಜಿಟಲ್ ಸಹಿಯೊಂದಿಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವಾದ ಡಿಜಿಎಫ್‌ಟಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ. ಹೊಸ ಆವೃತ್ತಿಯಲ್ಲಿ ಆಧಾರ್ ಇ-ಸಹಿಯೂ ನಡೆಯುತ್ತದೆ. ಪ್ರಮಾಣಪತ್ರದಲ್ಲಿ ತಪ್ಪು ಕಂಡರೆ ಪೆನ್ನಿನಿಂದ ತಿದ್ದಬೇಡಿ. ಬದಲಿ ಪ್ರಮಾಣಪತ್ರಕ್ಕೆ ಅಲ್ಲೇ ಅವಕಾಶವಿದೆ. ಯುಎಇ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ್ದು ಅದೇ ವರ್ಷದ ಡಿಸೆಂಬರ್ 29ರಿಂದ ಜಾರಿಯಲ್ಲಿವೆ. ಒಂದರ ನಮೂನೆ ಇನ್ನೊಂದಕ್ಕೆ ಹೊಂದದು.

ಜಪಾನ್ ಅಥವಾ ಕೊರಿಯಾದಿಂದ ಸಾರ್ಟೆಕ್ಸ್ (ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ) ಯಂತ್ರ ತರಿಸುವ ಮಿಲ್ ಮಾಲೀಕರಿಗೂ ಒಂದು ಮಾತು. ರಿಯಾಯಿತಿ ಕೇಳುವ ಆಮದುದಾರರೇ ಮೂಲದ ಮಾಹಿತಿ ಹೊಂದಿರಬೇಕೆಂಬ ಕಸ್ಟಮ್ಸ್ ನಿಯಮ 2020ರ ಸೆಪ್ಟೆಂಬರ್ 21ರಿಂದ ಇದೆ. 2025ರ ಮಾರ್ಚ್‌ನಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಪ್ರಮಾಣಪತ್ರದ ಜೊತೆಗೆ ಒಪ್ಪಂದ ಒಪ್ಪುವ ಕಡೆ ಸ್ವಯಂ ಘೋಷಣೆಯೂ ‘ಮೂಲದ ಪುರಾವೆ’ಯಾಯಿತು. ಘೋಷಣೆ ಸುಲಭವೆಂದು ಮೈಮರೆಯಬೇಡಿ. ದಾಖಲೆಗಳನ್ನು ಕನಿಷ್ಠ ಐದು ವರ್ಷ ಇಡಬೇಕು; ಆ ನಿಯಮದ ಫಾರ್ಮ್-1ರಲ್ಲಿ ಕೇಳುವ ವಿವರಗಳನ್ನು ಮುಂಗಡ ಹಣ ಕಳುಹಿಸುವ ಮೊದಲೇ ಮಾರಾಟಗಾರರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.