ಜಪಾನಿ ರೆಸ್ಲರ್‌ನ ಒಂದು ವರ್ಷವನ್ನು ಅಳೆಯುವುದು ಹೇಗೆ: ಒಕಾಡಾ ಅವರ 2017

ಪ್ರೊ ರೆಸ್ಲಿಂಗ್‌ನಲ್ಲಿ ಗೆಲುವು ಸೋಲು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ದಸರಾ ಕುಸ್ತಿಯ ಪೈಲ್ವಾನರಂತೆ ಎಷ್ಟು ಜನರನ್ನು ಚಿತ್ ಮಾಡಿದರು ಎಂದು ಎಣಿಸುತ್ತಾ ಕೂತರೆ ಲೆಕ್ಕ ಬುಡದಲ್ಲೇ ತಪ್ಪುತ್ತದೆ. ಶೋ ನಡೆಸುವ ಕಂಪನಿ ರೆಸ್ಲರ್ ಹೆಗಲಿಗೆ ಏನು ಹೊರಿಸಿತ್ತು, ಅದನ್ನು ಅವರು ಹೇಗೆ ಹೊತ್ತರು ಎಂಬುದನ್ನು ನೋಡಬೇಕು. ಇದಕ್ಕೆ ಕಝುಚಿಕಾ ಒಕಾಡಾ ಅವರ 2017ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ವರ್ಷ ಪೂರ್ತಿ ಅವರ ಕಂಪನಿ ನ್ಯೂ ಜಪಾನ್ ಪ್ರೊ ರೆಸ್ಲಿಂಗ್‌ನ ಅತಿ ದೊಡ್ಡ ಟೈಟಲ್ ಆದ ಐಡಬ್ಲ್ಯೂಜಿಪಿ ಹೆವಿವೇಟ್ ಬೆಲ್ಟ್ ಅವರ ಬಳಿಯೇ ಇತ್ತು.

ಮೊದಲು ಗಡಿ ಹಾಕಿಕೊಳ್ಳಿ: ಜನವರಿ 1ರಿಂದ ಡಿಸೆಂಬರ್ 31. ನ್ಯೂ ಜಪಾನ್‌ನ ಅತಿ ದೊಡ್ಡ ಶೋ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ನಡೆಯುತ್ತದೆ. ಅದರ ಕಥೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕಟ್ಟಲ್ಪಟ್ಟಿರುತ್ತದೆ, ಮ್ಯಾಚ್ ಮಾತ್ರ ಹೊಸ ವರ್ಷದ ಖಾತೆಗೆ ಸೇರುತ್ತದೆ. ಇದನ್ನು ಮೊದಲೇ ನಿರ್ಧರಿಸದಿದ್ದರೆ ಒಂದೇ ಮ್ಯಾಚ್‌ಗೆ ಎರಡು ವರ್ಷ ಅಂಕ ಹೋಗುತ್ತದೆ.

ಆಮೇಲೆ ಒಂದು ಶೀಟ್ ಮಾಡಿ. ದಿನಾಂಕ, ಹಾಲ್, ಸಿಂಗಲ್ಸೋ ಟ್ಯಾಗೋ (ತಂಡವಾಗಿ ಆಡುವುದು), ಎದುರಾಳಿ, ನಿಮಿಷ-ಸೆಕೆಂಡ್, ಕೊನೆಯ ಪಟ್ಟು, ಪಿನ್ ಆದವರು (ಭುಜ ನೆಲಕ್ಕೆ ಒತ್ತಿ ಮೂರು ಎಣಿಸಿದಾಗ ಸೋತವರು) ಯಾರು, ಬೆಲ್ಟ್ ಪಣಕ್ಕಿತ್ತೇ. ಜಪಾನಿ ಕಂಪನಿಗಳು ಫಲಿತಾಂಶದ ಜೊತೆಗೇ ಸಮಯವನ್ನೂ ಮುಗಿಸಿದ ಪಟ್ಟನ್ನೂ ಪ್ರಕಟಿಸುತ್ತವೆ. ಇಡೀ ವರ್ಷದ ಪಟ್ಟಿಗೆ ಕೇಜ್‌ಮ್ಯಾಚ್ ವೆಬ್‌ಸೈಟ್ ಸಾಕು. ಇವುಗಳಲ್ಲಿ ‘ಪಿನ್ ಆದವರು’ ಕಾಲಂ ಬಿಡಲೇಬೇಡಿ. ಟೂರ್‌ನ ಹೆಚ್ಚಿನ ರಾತ್ರಿಗಳಲ್ಲಿ ಚಾಂಪಿಯನ್ ಆಡುವುದು ಆರು ಅಥವಾ ಎಂಟು ಜನರ ಟ್ಯಾಗ್ ಮ್ಯಾಚ್. ಅಲ್ಲಿ ಸಾಮಾನ್ಯವಾಗಿ ಕೆಳಗಿನ ದರ್ಜೆಯ ಜೊತೆಗಾರನೇ ಪಿನ್ ಆಗುತ್ತಾನೆ. ಆದ್ದರಿಂದ ಟ್ಯಾಗ್‌ನ ಗೆಲುವಿನ ಶೇಕಡಾವಾರಿಗೆ ಬೆಲೆಯಿಲ್ಲ. ಸ್ವತಃ ಚಾಂಪಿಯನ್ನೇ ಪಿನ್ ಆದ ಸಾಲು ಕಂಡರೆ ಮಾತ್ರ ಅಡಿಗೆರೆ ಹಾಕಿ. ಬಹಳ ಸಲ ಮುಂದಿನ ಟೈಟಲ್ ಮ್ಯಾಚ್ ಅಲ್ಲಿಂದಲೇ ಹುಟ್ಟುತ್ತದೆ.

ಎಲ್ಲವನ್ನೂ ನೋಡಲಾಗುವುದಿಲ್ಲ. ಎಲ್ಲ ಟೈಟಲ್ ಮ್ಯಾಚ್‌ಗಳು, ಜಿ1 ಕ್ಲೈಮ್ಯಾಕ್ಸ್ ಎಂಬ ಲೀಗ್ ಟೂರ್ನಿಯ ಎಲ್ಲ ಮ್ಯಾಚ್‌ಗಳು, ಬೇರೆ ಬೇರೆ ತಿಂಗಳ ಎಂಟು ಟ್ಯಾಗ್ ಮ್ಯಾಚ್‌ಗಳು, ಇಷ್ಟನ್ನು ತಪ್ಪಿಸಬೇಡಿ. ಟ್ಯಾಗ್‌ಗಳನ್ನು ಕೊರಾಕುಎನ್ ಹಾಲ್‌ನಂಥ ಚಿಕ್ಕ ಜಾಗಗಳಿಂದ ಆರಿಸಿ. ಜನ ರಿಂಗ್‌ಗೆ ಅಂಟಿಕೊಂಡಂತೆ ಕೂತಿರುವಾಗ ರೆಸ್ಲರ್ ಮೈಗಳ್ಳತನ ಮಾಡಿದರೆ ತಕ್ಷಣ ಗೊತ್ತಾಗುತ್ತದೆ. ಡೋಮ್‌ನಲ್ಲಿ ಸದ್ದು ಚದುರಿಹೋಗುತ್ತದೆ, ಹಾಗಾಗಿ ಅಲ್ಲಿಯ ಕೂಗನ್ನು ಒಸಾಕಾದ ಕೂಗಿನ ಪಕ್ಕದಲ್ಲಿಟ್ಟು ತೂಗಬೇಡಿ.

ಪ್ರತಿ ಮುಖ್ಯ ಮ್ಯಾಚನ್ನು ಎರಡು ಸಲ ನೋಡಿ. ಮೊದಲ ಸಲ ಎಲ್ಲೂ ನಿಲ್ಲಿಸದೆ. ಎರಡನೇ ಸಲ ಪಟ್ಟು ಹಾಕುವವರನ್ನು ಬಿಟ್ಟು, ಪೆಟ್ಟು ತಿಂದ ಮೇಲೆ ನಿಮ್ಮ ರೆಸ್ಲರ್ ಏನು ಮಾಡುತ್ತಾರೆ ಎಂಬುದನ್ನಷ್ಟೇ ಗಮನಿಸಿ. ಫೆಬ್ರವರಿ 5ರಂದು ಸಪ್ಪೊರೊದಲ್ಲಿ ಮಿನೊರು ಸುಝುಕಿ ಎದುರು ಒಕಾಡಾ 40 ನಿಮಿಷ ದಾಟಿದರು. ಸುಝುಕಿ ಬೆನ್ನುಹತ್ತಿದ್ದು ಕಾಲನ್ನು. ಹಾರಿ ಎರಡೂ ಕಾಲಿನಿಂದ ಒದೆಯುವ ಒಕಾಡಾ ಅವರ ಡ್ರಾಪ್‌ಕಿಕ್ ನಿಂತಿರುವುದೇ ಕಾಲಿನ ಮೇಲೆ. ಹಾಗಾದರೆ ಮೂವತ್ತನೇ ನಿಮಿಷದಲ್ಲೂ ಆ ನೋವು ನಡಿಗೆಯಲ್ಲಿ ಕಾಣುತ್ತದೆಯೇ? ಕಂಡರೆ ಅಂಕ ಕೊಡಿ, ಮರೆತಿದ್ದರೆ ಕಳೆಯಿರಿ.

ವರ್ಷದ ನಿಜವಾದ ಬೆಲೆ ಒಂದೇ ಎದುರಾಳಿಯ ಜೊತೆಗಿನ ಸರಣಿಯಲ್ಲಿ ಸಿಗುತ್ತದೆ. ಕೆನ್ನಿ ಒಮೆಗಾ ಮ್ಯಾಚ್ ಮುಗಿಸಲು ಹಾಕುವ ಒನ್ ವಿಂಗ್ಡ್ ಏಂಜೆಲ್ ಎಂಬ ಒಂದೇ ಪಟ್ಟನ್ನು ಹಿಡಿದು, ಒಕಾಡಾ ಜೊತೆಗಿನ ಅವರ ಮೂರೂ ಮ್ಯಾಚ್‌ಗಳನ್ನು ನೋಡಿ. ಜನವರಿ 4ರಂದು 46 ನಿಮಿಷ 45 ಸೆಕೆಂಡ್ ಆಡಿದರೂ ಅದನ್ನು ಹಾಕಲು ಒಕಾಡಾ ಬಿಡಲೇ ಇಲ್ಲ. ಜೂನ್ 11ರಂದು ಒಸಾಕಾದಲ್ಲಿ ಅದು ಬಿತ್ತು, ಆದರೆ ಒಕಾಡಾ ಅವರ ಕಾಲು ಹಗ್ಗಕ್ಕೆ ತಾಗಿದ್ದರಿಂದ ಪಿನ್ ನಿಂತುಹೋಯಿತು. 60 ನಿಮಿಷ ಮುಗಿದು ಡ್ರಾ. ಆಗಸ್ಟ್ 12ರ ಜಿ1 ಮ್ಯಾಚ್‌ನಲ್ಲಿ ಅದೇ ಪಟ್ಟಿಗೆ ಸೋತರು, 24 ನಿಮಿಷ 40 ಸೆಕೆಂಡಿನಲ್ಲಿ. ಏಳು ತಿಂಗಳಿಗೂ ಹೆಚ್ಚು ಕಾಲ ಒಂದು ಪಟ್ಟಿನ ಭಯವನ್ನು ಹೀಗೆ ಜೀವಂತವಾಗಿಟ್ಟದ್ದು ಇಬ್ಬರ ಅಪ್ಪಟ ಕಸುಬು. ಮ್ಯಾಚ್‌ಗಳನ್ನು ಬಿಡಿಬಿಡಿಯಾಗಿ ನೋಡಿದವರಿಗೆ ಇದು ದಕ್ಕುವುದಿಲ್ಲ. ಅಮೆರಿಕದ ರೆಸ್ಲಿಂಗ್ ಪತ್ರಕರ್ತ ಡೇವ್ ಮೆಲ್ಟ್ಜರ್ ಈ ಮೂರಕ್ಕೆ ಕೊಟ್ಟದ್ದು 6, 6.25 ಮತ್ತು 6 ಸ್ಟಾರ್. ನಿಮ್ಮ ಅಂಕ ಬರೆದಾದ ಮೇಲೆ ಅದನ್ನು ನೋಡಿ, ಮೊದಲು ನೋಡಿದರೆ ಕಣ್ಣು ಅದನ್ನೇ ಹುಡುಕುತ್ತದೆ.

100ಕ್ಕೆ ಹಂಚಿಕೆ ಹೀಗಿರಲಿ: ದೊಡ್ಡ ಸಿಂಗಲ್ಸ್ 40, ಜಿ1ನ ಸ್ಥಿರತೆ 25, ಎದುರಾಳಿಗಳ ವೈವಿಧ್ಯ 20, ಟ್ಯಾಗ್ ಮತ್ತು ಚಿಕ್ಕ ಹಾಲ್ 15. ಜಿ1ನಲ್ಲಿ ಗೆಲುವಿಗೆ 2, ಡ್ರಾಗೆ 1 ಅಂಕ. ಒಕಾಡಾ 6 ಗೆಲುವು, 2 ಸೋಲು, 1 ಡ್ರಾದಿಂದ 13 ಪಡೆದರು, ಒಮೆಗಾ 14. ಆದರೆ ಇಲ್ಲಿ ಅಳೆಯಬೇಕಾದದ್ದು ಒಂಬತ್ತನೇ ಮ್ಯಾಚ್‌ನಲ್ಲೂ ಮೊದಲನೆಯದರ ಹುರುಪು ಉಳಿದಿತ್ತೇ ಎಂಬುದನ್ನು. ಸೋಲನ್ನು ಕಂಪನಿ ಹೇಗೆ ಬಳಸಿತು ಎಂಬುದನ್ನೂ ಬರೆದುಕೊಳ್ಳಿ. ಆಗಸ್ಟ್ 5ರಂದು ಈವಿಲ್ ಎಂಬ ರೆಸ್ಲರ್‌ಗೆ ಸೋತದ್ದೇ ಅಕ್ಟೋಬರ್ 9ರ, ಟೋಕಿಯೊದ ರ್‍ಯೋಗೊಕು ಟೈಟಲ್ ಮ್ಯಾಚ್‌ಗೆ ದಾರಿಯಾಯಿತು. ವೈವಿಧ್ಯದಲ್ಲಿ ಒಕಾಡಾ ಪೂರ್ಣ ಅಂಕಕ್ಕೆ ಹತ್ತಿರ: ಸುಝುಕಿಯವರ ಹಿಡಿತ, ಫಾಲೆ ಅವರ ದೈತ್ಯ ಮೈಕಟ್ಟು, ಕೋಡಿಯವರ ಅಮೆರಿಕನ್ ಶೈಲಿ, ಎಲ್ಲಕ್ಕೂ ಬೇರೆ ಬೇರೆ ಮ್ಯಾಚ್ ಕಟ್ಟಿದರು. ಫಾಲೆ, ಕೋಡಿ ಮ್ಯಾಚ್‌ಗಳು ಒಮೆಗಾ ಮಟ್ಟಕ್ಕೆ ಏರಲಿಲ್ಲ ಎಂಬುದನ್ನೂ ಸೇರಿಸಿ.

ಅಪಾಯಕ್ಕೆ ಅಂಕ ಕೊಡಬೇಡಿ. ಏಪ್ರಿಲ್ 9ರ ಟೈಟಲ್ ಮ್ಯಾಚ್‌ನಲ್ಲಿ ಎದುರಾಳಿ ಕತ್ಸುಯೊರಿ ಶಿಬಾತಾ ಒಕಾಡಾ ಅವರ ತಲೆಗೆ ತಲೆ ಗುದ್ದಿದ ಸದ್ದು ಇಡೀ ಹಾಲ್‌ಗೆ ಕೇಳಿಸಿತು. ಮ್ಯಾಚ್ ಮುಗಿದ ಮೇಲೆ ಶಿಬಾತಾ ಕುಸಿದರು, ಮೆದುಳಿನ ಸುತ್ತ ರಕ್ತಸ್ರಾವವಾಗಿ ಶಸ್ತ್ರಚಿಕಿತ್ಸೆ ಬೇಕಾಯಿತು. ಆ ಮ್ಯಾಚ್‌ನ ಲಯಕ್ಕೆ, ಒಕಾಡಾ ತೋರಿಸಿದ ದಣಿವಿಗೆ ಅಂಕ ಕೊಡಿ. ಆ ಗುದ್ದಿಗೆ ಸೊನ್ನೆ.

ಕೊನೆಗೆ ಪ್ರಶಸ್ತಿಗಳ ಜೊತೆ ತಾಳೆ ನೋಡಿ. ಟೋಕಿಯೊ ಸ್ಪೋರ್ಟ್ಸ್ ಪತ್ರಿಕೆ 1974ರಿಂದ ಪ್ರಶಸ್ತಿ ಕೊಡುತ್ತಿದೆ. 2017ರ ಅತ್ಯುತ್ತಮ ಮ್ಯಾಚ್ ಜನವರಿ 4ರ ಒಕಾಡಾ-ಒಮೆಗಾ, ಆದರೆ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ರೆಸ್ಲರ್, ಆದವರು ಜಿ1 ಗೆದ್ದ ತೆತ್ಸುಯಾ ನೈತೊ. ನಿಮ್ಮ ಶೀಟಿನಲ್ಲಿ ಒಕಾಡಾ ಮೇಲಿದ್ದರೆ ತಿದ್ದಲು ಹೋಗಬೇಡಿ. ನೈತೊ ಅವರಿಗೂ 100ರ ಹಂಚಿಕೆಯ ಇದೇ ನಾಲ್ಕು ವಿಭಾಗಗಳಲ್ಲಿ ಅಂಕ ತುಂಬಿ, ಯಾವುದರಲ್ಲಿ ಅಂತರ ಬಿತ್ತು ಎಂದು ನೋಡಿ.