ಹಚ್ಚೆ ಕಾದಂಬರಿಯನ್ನು ಓದುಗರು ಎಲ್ಲಿ ಕೆಳಗಿಟ್ಟರು: ನನ್ನ ಅನುಭವ

ಐವತ್ತು ಪೈಸೆಯ ಅಂಚೆ ಕಾರ್ಡು ಇಟ್ಟುಕೊಂಡು ಕಾದಂಬರಿ ತಿದ್ದುತ್ತೇನೆ ಅಂದಾಗ ನನ್ನ ಬರಹಗಾರ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ‘ಈ ಕಾಲದಲ್ಲಿ ಕಾರ್ಡು ಬರೆಯೋರು ಯಾರು ಮೇಡಂ?’ ಅಂದರು. ‘ಕನ್ನಡದಲ್ಲಿ ಅರ್ಬನ್ ಫ್ಯಾಂಟಸಿ, ಅಂದರೆ ಈಗಿನ ಪೇಟೆಯಲ್ಲೇ ಮಾಯೆ ನಡೆಯೋ ಕತೆ, ಓದೋರು ಯಾರು?’ ಅನ್ನುವುದು ಅದಕ್ಕಿಂತ ಹಳೆಯ ಮಾತು. ತಿದ್ದಿ ಹಾಕಿಸಿದ 500 ಪ್ರತಿ ಏಳು ತಿಂಗಳಲ್ಲಿ ಖಾಲಿಯಾಗಿ, ಇನ್ನೊಂದು 500 ಮನೆಗೆ ಬಂದಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಪುಟವಿನ್ಯಾಸ, ಡೆಮಿ 1/8 ಅನ್ನುವ ಪುಸ್ತಕದ ಅಳತೆ, ಐಎಸ್‌ಬಿಎನ್ ಅನ್ನುವ ಗುರುತು ಸಂಖ್ಯೆ ಎಲ್ಲ ಪುಸ್ತಕ ಹಾಕಿಸುವ ನಿಮಗೆ ಗೊತ್ತಿರುವುದೇ, ಆ ಕಡೆ ಹೋಗುವುದಿಲ್ಲ.

ಕತೆ ಇಷ್ಟು. ಜಯನಗರದ ಟ್ಯಾಟೂ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಹುಡುಗಿಗೆ ಅಜ್ಜಿಯ ಕಾಲದ ಹಚ್ಚೆ ಸೂಜಿ ಸಿಗುತ್ತದೆ. ಅದರಲ್ಲಿ ಹುಯ್ದ ಚೇಳಿನ ಹಚ್ಚೆ, ಹುಯ್ಸಿಕೊಂಡವರು ಸುಳ್ಳು ಹೇಳಿದ ರಾತ್ರಿ ಮೈಮೇಲೆ ಜಾಗ ಬದಲಿಸುತ್ತದೆ. ಎಲ್ಲ ಮುಗಿಯುವುದು ಕರಗದ ರಾತ್ರಿ, ಬೆಂಗಳೂರು ಪೇಟೆಯಲ್ಲಿ.

ಮೊದಲು ಸೋತದ್ದು ಹೇಳುತ್ತೇನೆ. ಹಸ್ತಪ್ರತಿಯ ಪಿಡಿಎಫ್ ಅನ್ನು ಅರವತ್ತು ಜನಕ್ಕೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಒಂಬತ್ತು ಜನ ಉತ್ತರ ಕೊಟ್ಟರು, ಒಂಬತ್ತೂ ‘ಚೆನ್ನಾಗಿದೆ’. ಆಮೇಲೆ ಇಪ್ಪತ್ತೆರಡು ಪ್ರಶ್ನೆಗಳ ಆನ್‌ಲೈನ್ ಫಾರಂ ಮಾಡಿದೆ. ಆರು ಜನ ತುಂಬಿದರು. ‘ಭಾಷೆ ಸೊಗಸಾಗಿದೆ, ಇನ್ನಷ್ಟು ಬರೆಯಿರಿ.’ ನೆಂಟರ ಮನೆಯ ಉಪ್ಪಿಟ್ಟಿನ ಬಗ್ಗೆ ಯಾರು ನಿಜ ಹೇಳುತ್ತಾರೆ? ಆದರೆ ನಾನು ನಂಬಿಬಿಟ್ಟೆ. ಚೀಟಿ ಎತ್ತಿದ ದುಡ್ಡಿನಲ್ಲಿ 300 ಪ್ರತಿ ಹಾಕಿಸಿದೆ. ಮುಖಪುಟ, ಮುದ್ರಣ, ಸಾಗಣೆ ಸೇರಿ ಸುಮಾರು 40 ಸಾವಿರ ಹೋಯಿತು. ಮಾರಾಟವಾದದ್ದು ತೊಂಬತ್ತೋ ತೊಂಬತ್ತೈದೋ. ಉಳಿದವು ಅಟ್ಟ ಸೇರಿದವು. ಆ ವರ್ಷ ಮನೆಯಲ್ಲಿ ದುಡ್ಡಿನ ಮಾತು ಬಂದಾಗಲೆಲ್ಲ ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ದಾರಿ ಕಂಡದ್ದು ಒಂದು ಬಸ್ ಟಿಕೆಟ್‌ನಿಂದ. ಪರಿಚಯದವರ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಿದ್ದೆ, ಟೀವಿ ಪಕ್ಕ ನನ್ನ ಪುಸ್ತಕ ಇತ್ತು. 72ನೇ ಪುಟದಲ್ಲಿ ಬಿಎಂಟಿಸಿ ಟಿಕೆಟ್ ಸಿಕ್ಕಿಸಿದ್ದರು. ಆ ಟಿಕೆಟ್ಟಿನ ತಾರೀಕಿಗೆ ಐದು ತಿಂಗಳಾಗಿತ್ತು. ಈ ಅಮ್ಮನೇ ‘ಒಂದೇ ಉಸಿರಿಗೆ ಓದಿದೆ’ ಅಂದಿದ್ದವರು. ಮುಂದಿನ ವಾರ ಇನ್ನೊಂದು ಮನೆಯಲ್ಲಿ ಪುಟ ಮಡಿಸಿದ್ದು 74ಕ್ಕೆ. ಅಲ್ಲಿಗೆ ಅರ್ಥವಾಯಿತು: ಅಭಿಪ್ರಾಯ ಕೇಳಬಾರದು, ಪುಟ ಸಂಖ್ಯೆ ಕೇಳಬೇಕು.

ಮಾಡಿದ್ದು ಹೀಗೆ. ಇಡೀ ಕಾದಂಬರಿಯನ್ನು ಐವತ್ತಾರು ಪುಟದ ಐದು ಕಂತು ಮಾಡಿ, ಝೆರಾಕ್ಸ್ ಹಾಕಿಸಿ, ನಡುವೆ ಪಿನ್ ಹೊಡೆಸಿದೆ. ಒಂದು ಕಂತಿಗೆ 35 ರೂಪಾಯಿ ಬಿದ್ದಿರಬೇಕು. ಪ್ರತಿ ಕಂತಿನೊಳಗೆ ನನ್ನ ವಿಳಾಸ ಬರೆದ ಕಾರ್ಡು, ಅದರ ಮೇಲೆ ಒಂದೇ ಸಾಲು: ‘ಮೊದಲ ಸಲ ಯಾವ ಪುಟದಲ್ಲಿ ಕೆಳಗಿಟ್ಟಿರಿ?’ ನಲವತ್ತು ಜನಕ್ಕೆ ಮೊದಲ ಕಂತು ಮಾತ್ರ ಕೊಟ್ಟೆ. ಎರಡನೆಯದು ಬೇಕಾದರೆ ಅವರೇ ಕೇಳಬೇಕು, ನಾನಾಗಿ ನೆನಪಿಸುವುದಿಲ್ಲ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತವರು ನಾವು, ಕಾಯಿಸುವುದರ ಬಲ ನಮಗೆ ಗೊತ್ತು.

ಕಾರ್ಡು ಬಂದವು. ಎಲ್ಲ ಕಂತೂ ಸೇರಿ ತೊಂಬತ್ತರ ಆಸುಪಾಸು. ಕೆಲವರು ಕಾರ್ಡು ತುಂಬಿ ಅದರ ಫೋಟೋ ವಾಟ್ಸಾಪ್ ಮಾಡಿದರು, ಅದೂ ಲೆಕ್ಕಕ್ಕೆ ಸೇರಿತು. ನಲವತ್ತರಲ್ಲಿ ಮೂವತ್ತೊಂದು ಜನ ಎರಡನೇ ಕಂತು ಕೇಳಿದರು. ಮೂರನೆಯದು ಕೇಳಿದ್ದು ಹದಿನೇಳೇ ಜನ. ಬಿಟ್ಟುಹೋದವರ ಕಾರ್ಡುಗಳಲ್ಲಿ 70, 71, 73, 74. ಅಲ್ಲಿ ಏನಿತ್ತು ಅಂದರೆ, ಹಚ್ಚೆಯ ಮಾಯೆ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಹನ್ನೊಂದು ಪುಟ ವಿವರಿಸಿದ್ದೆ. ಯಾವ ಬಣ್ಣಕ್ಕೆ ಯಾವ ಶಕ್ತಿ, ಯಾವ ತಿಥಿಗೆ ಯಾವ ಚಿತ್ತಾರ. ಅಷ್ಟನ್ನೂ ನಾಲ್ಕು ತಿಂಗಳು ಕೂತು ಹೆಣೆದಿದ್ದೆ. ಒಂದೂವರೆ ಪುಟಕ್ಕೆ ಇಳಿಸಿದೆ, ಇಳಿಸುವಾಗ ಹೊಟ್ಟೆ ಉರಿಯಿತು. ಹೊಸ ಇಪ್ಪತ್ತು ಜನಕ್ಕೆ ಕೊಟ್ಟು ನೋಡಿದರೆ ಮೂರನೇ ಕಂತನ್ನು ಹದಿನೇಳು ಜನ ಕೇಳಿದರು. ಇದಕ್ಕೆ ನನ್ನ ಖರ್ಚು ಎಲ್ಲ ಸೇರಿ ಏಳು ಸಾವಿರದೊಳಗೆ. ಅಟ್ಟದ ಮೇಲಿನ 40 ಸಾವಿರಕ್ಕೆ ಹೋಲಿಸಿ.

ಯಾರಿಗೆ ಕೊಟ್ಟೆ ಅನ್ನುವುದೂ ಮುಖ್ಯ. ಸಾಹಿತ್ಯದವರಿಗೆ ಕೊಡಲಿಲ್ಲ. ಚರ್ಮ, ಸೂಜಿ, ಪೇಟೆ ಗೊತ್ತಿರುವವರನ್ನು ಹುಡುಕಿದೆ. ಚೇಳು ಮೊಣಕೈಯಿಂದ ಭುಜಕ್ಕೆ ಹತ್ತಿದ್ದನ್ನು ಅವರಲ್ಲಿ ಒಬ್ಬರೂ ಪ್ರಶ್ನಿಸಲಿಲ್ಲ. ಆದರೆ ಕಾಟನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಫೋನು ಮಾಡಿ, ‘ಕರಗದ ರಾತ್ರಿ ಅವೆನ್ಯೂ ರಸ್ತೆಯಲ್ಲಿ ಆಟೋ ಓಡಿಸಿದ್ದೀರಲ್ಲಮ್ಮಾ, ಕಾಲಿಡೋಕೆ ಜಾಗ ಇರುತ್ತಾ? ಮತ್ತೆ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗೋದನ್ನ ಬಿಟ್ಟೇಬಿಟ್ಟಿದ್ದೀರಿ’ ಅಂದರು. ಎಷ್ಟು ಸಲ ಕರಗ ನೋಡಿದ್ದರೂ ಬರೆಯುವಾಗ ಕರಗ ಹೊರಡುವ ಧರ್ಮರಾಯಸ್ವಾಮಿ ಗುಡಿಯಲ್ಲೇ ನಿಂತುಬಿಟ್ಟಿದ್ದೆ. ಹುಡುಗಿಯನ್ನು ಆಟೋದಿಂದ ಇಳಿಸಿ, ಕತ್ತಿ ಹಿಡಿದ ವೀರಕುಮಾರರ ನಡುವೆ ಕಾಟನ್‌ಪೇಟೆವರೆಗೆ ನಡೆಸಿದೆ. ಈಗ ಓದುಗರು ಹೆಚ್ಚು ಮೆಚ್ಚಿಕೊಳ್ಳುವುದು ಅದೇ ಅಧ್ಯಾಯ.

ಟ್ಯಾಟೂ ಹಾಕುವ ಹುಡುಗನೊಬ್ಬ ನಾನು ಕತೆಯಲ್ಲಿ ಹರಿಸಿದ್ದ ರಕ್ತವನ್ನೆಲ್ಲ ಒರೆಸಿಹಾಕಿದ. ಬಣ್ಣ ಕೂರುವುದು ಚರ್ಮದ ಎರಡನೇ ಪದರದಲ್ಲಿ, ಒಂದೂವರೆ ಎರಡು ಮಿಲಿಮೀಟರ್ ಆಳ ಅಷ್ಟೇ, ನೀವು ಬರೆದ ಹಾಗೆ ಚಿಮ್ಮುವುದಿಲ್ಲ ಅಂದ. ನರ್ಸ್ ಒಬ್ಬರ ಕಾರ್ಡಿನಲ್ಲಿ ಪುಟ ಸಂಖ್ಯೆಯ ಕೆಳಗೆ, ‘ಹಚ್ಚೆ ಹಾಕಿಸಿಕೊಂಡ ವಾರಕ್ಕೇ ರಕ್ತದಾನ? ಒಂದು ವರ್ಷ ತಗೊಳ್ಳಲ್ಲ’ ಎಂದಿತ್ತು. ಸೇನಾ ಭರ್ತಿಗೆ ಓಡುತ್ತಿದ್ದ ಹುಡುಗ, ಮುಂಗೈ ಒಳಭಾಗದಲ್ಲಿದ್ದರೆ ಪರವಾಗಿಲ್ಲ, ಕತ್ತಿನ ಮೇಲಿದ್ದರೆ ವಾಪಸ್ ಕಳಿಸುತ್ತಾರೆ ಎಂದು ನನ್ನ ಒಂದು ಪಾತ್ರವನ್ನೇ ಮನೆಗೆ ಕಳಿಸಿಬಿಟ್ಟ.

ನಡುವೆ ಕೆಲಸಕ್ಕೆ ಬಾರದ ಪ್ರಯೋಗಗಳನ್ನೂ ಮಾಡಿದೆ. ಹರಳೆಣ್ಣೆ ದೀಪದ ಕಪ್ಪು ಹಿಡಿದು, ಮೂರು ಸೂಜಿ ದಾರದಲ್ಲಿ ಕಟ್ಟಿ, ಬಾಳೆಹಣ್ಣಿನ ಸಿಪ್ಪೆಯ ಮೇಲೆ ಚುಕ್ಕಿ ಇಟ್ಟೆ. ಎರಡು ದಿನಕ್ಕೆ ಸಿಪ್ಪೆಯೇ ಕಪ್ಪಾಗಿ ಚುಕ್ಕಿ ಕಾಣದಾಯಿತು. ಆದರೆ ಸೂಜಿ ಒಳಗಿಳಿಯುವಾಗಿನ ಸಣ್ಣ ಸದ್ದು ಕಾದಂಬರಿಗೆ ಬಂತು. ಹೆಂಗಸರಿಗೆ ಬೇರೆ ಮುಖಪುಟ, ಗಂಡಸರಿಗೆ ಬೇರೆ ಮುಖಪುಟ ಕೊಟ್ಟು ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ವಾಯ್ಸ್ ನೋಟ್ ಪ್ರಯೋಗ ಮಾತ್ರ ಕೈ ಹಿಡಿಯಿತು.

ಓದಲು ಬಾರದ, ಆದರೆ ಕೈತುಂಬ ಹಚ್ಚೆ ಇರುವ ಅಜ್ಜಿಯರಿಗಾಗಿ ಒಂದೊಂದು ಅಧ್ಯಾಯ ಓದಿ ಕಳಿಸುತ್ತಿದ್ದೆ. ಮೊಮ್ಮಕ್ಕಳು ಫೋನು ಹಿಡಿದು ಕೇಳಿಸುತ್ತಿದ್ದರು. ನಾಗಮಂಗಲದ ಕಡೆಯ ಅಜ್ಜಿಯೊಬ್ಬರು, ಹಚ್ಚೆ ಹುಯ್ಯುವವಳು ಸುಮ್ಮನೆ ಕೂತು ಚುಚ್ಚುವುದಿಲ್ಲ, ನೋವು ಮರೆಸಲು ಹಾಡುತ್ತಾಳೆ ಎಂದು ತಿದ್ದಿದರು. ರಾಗಿ ಅಳೆದುಕೊಟ್ಟು ಹುಯ್ಸಿಕೊಂಡ ತುಳಸಿಕಟ್ಟೆ ಅವರ ಮುಂಗೈ ಮೇಲಿದೆ, ಹಸಿರು ತಿರುಗಿದೆ. ಕೊನೆಯ ಅಧ್ಯಾಯ ಕೇಳಿ ಅವರು ಕಳಿಸಿದ ಧ್ವನಿಯನ್ನು ನಾನು ಅಳಿಸಿಲ್ಲ. ನನ್ನ ಹಳೆಯ ಅಂತ್ಯದಲ್ಲಿ ಖಳನಾಯಕ ಕತೆಯ ಅಜ್ಜಿಯ ಹಚ್ಚೆಯನ್ನು ಲೇಸರ್‌ನಲ್ಲಿ ತೆಗೆಸಿಬಿಡುತ್ತಾನೆ. ‘ಸತ್ತಾಗ ಓಲೆ ಬಿಚ್ಕತಾರೆ, ಮೂಗ್ಬಟ್ಟು ಬಿಚ್ಕತಾರೆ. ಹಚ್ಚೆ ಯಾರೂ ಬಿಚ್ಕಳಕಾಗಕಿಲ್ಲ ಕಣವ್ವ. ಅದೊಂದೇ ನಮ್ ಜತೇಲಿ ಬರೋದು. ಅದ್ನೂ ಅಳಿಸ್ಬುಟ್ನಾ ಆ ಮುಂಡೇಮಗ?’ ಆಮೇಲೆ ಅಳು. ಅಂತ್ಯ ಪೂರಾ ಬದಲಿಸಿದೆ. ಲೇಸರ್ ಈಗಲೂ ಇದೆ, ಆದರೆ ಯಾರ ಮೈಮೇಲಿನದು ಹೋಗುತ್ತದೆ ಅನ್ನುವುದು ಬೇರೆ.

ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಒಂದು, ಐದನೇ ಕಂತು ಮುಗಿಸಿದವರಿಗೆ ಫೋನಿನಲ್ಲಿ ನಾನು ಕೇಳುವ ಪ್ರಶ್ನೆ. ಇನ್ನೊಂದು, ಪ್ರತಿ ಕಂತನ್ನು ಯಾವ ವಾಕ್ಯದಲ್ಲಿ ಕತ್ತರಿಸಬೇಕು ಎಂದು ನೋಡುವ ಕ್ರಮ. ಅವೆರಡಕ್ಕೂ ಮೂರು ವರ್ಷ ತೆತ್ತಿದ್ದೇನೆ. ಕಾರ್ಡು, ಪಿನ್ನು, ಪುಟ ಸಂಖ್ಯೆ ಎಲ್ಲ ನಿಮ್ಮವು, ತಗೊಳ್ಳಿ.

ಎರಡನೇ 500ರಲ್ಲಿ ಇನ್ನು ನೂರಿಪ್ಪತ್ತು ಪ್ರತಿ ಉಳಿದಿರಬಹುದು. ಹಾಕಿದ ದುಡ್ಡು ಹಳೆಯ ಅಟ್ಟದ ನಷ್ಟವೂ ಸೇರಿ ಹೆಚ್ಚುಕಡಿಮೆ ತಿರುಗಿಬಂದಿದೆ. ಮುಂದಿನ ಕಾದಂಬರಿಯ ಮೊದಲ ಕಂತನ್ನು ನಿನ್ನೆ ಝೆರಾಕ್ಸ್‌ಗೆ ಕೊಟ್ಟು ಬಂದೆ. ನಾಗಮಂಗಲದ ಅಜ್ಜಿಗೆ ಇವತ್ತು ರಾತ್ರಿ ಓದಿ ಕಳಿಸಬೇಕು.